ಏಳು ಹತ್ತರ ಬಸ್ಸಿನ ನಾಲ್ಕು ನಿಮಿಷ

ಆತಗೂರು
೧೪ ಜುಲೈ ೨೦೨೪

ಮಗಳು ಅರುಂಧತಿಗೆ,

ನಿನ್ನ ದೊಡ್ಡಪ್ಪನ ಹಾರೈಕೆಗಳು. ಮೊನ್ನೆ ನೀನು ಫೋನು ಮಾಡಿದಾಗ ನಾನು ‘ಹೂಂ, ಹೂಂ’ ಅಂದೆನಲ್ಲ, ಒಂದು ಮಾತೂ ಕೇಳಿಸಲಿಲ್ಲ ಕಣಮ್ಮ. ಮೂವತ್ತು ವರ್ಷ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಹಾರನ್ನು ಕೇಳಿದ ಕಿವಿ ಇದು. ಎದುರಿಗೆ ನಿಂತು ಕೂಗಿದರೆ ಸರಿ. ಫೋನಿನೊಳಗಿಂದ ಮಾತಾಡಿದರೆ ಡಬ್ಬಿಯಲ್ಲಿ ಸಿಕ್ಕಿಕೊಂಡ ನೊಣದ ಹಾಗೆ ಕೇಳುತ್ತದೆ. ಅದಕ್ಕೇ ಕಾಗದ. ನೀನೂ ಕಾಗದದಲ್ಲೇ ಬರಿ. ದೊಡ್ಡವ್ವನಿಗೆ ಓದಿ ಹೇಳುವ ನೆಪದಲ್ಲಿ ನಾನು ಎರಡು ಸಲ ಓದಿಕೊಳ್ಳಬಹುದು.

ವಿಷಯ ಏನೆಂದರೆ, ನಿನ್ನ ಕೆಲಸದ ಬಗ್ಗೆ ಊರಿನಲ್ಲಿ ದೊಡ್ಡ ಗಲಾಟೆ ಎದ್ದಿದೆ. ನಿಮ್ಮವ್ವ ಕವಿತ ಹಾಲಿನ ಡೈರಿಯ ಹತ್ತಿರ, ‘ನನ್ ಮಗ್ಳು ಡೆಲ್ಲೀಲಿ ಇಮಾನದ ಕೆಲ್ಸದಲ್ಲವ್ಳೆ’ ಅಂದಿದ್ದಾಳೆ. ಅದನ್ನು ಕೇಳಿಸಿಕೊಂಡ ಮಂಚಮ್ಮ, ನೀನು ವಿಮಾನ ಓಡಿಸುತ್ತೀಯ ಅಂತ ಕೇರಿಗೆಲ್ಲ ಸಾರಿಬಿಟ್ಟಳು. ನೆನ್ನೆ ನಮ್ಮ ಜಗುಲಿಗೇ ಬಂದು, ‘ಸಿದ್ದಯ್ಯಣ್ಣ, ನಮ್ಮೂರ ಮ್ಯಾಲೆ ಓಗುವಾಗ ವಸಿ ತಗ್ಗುಸ್ಕಂಡು ಓಗಾಕೇಳು. ಮಗೀನ ಮಕ ನೋಡ್ಬೇಕು’ ಅಂದಳು. ನಿಮ್ಮಪ್ಪ ಸಿದ್ದರಾಜುವನ್ನು ಕೇಳಿದರೆ, ‘ಅದೇನೋ ಅಳತೆ ಕೆಲ್ಸವಂತೆ ಕಣಣ್ಣ’ ಅನ್ನುತ್ತಾನೆ. ಆಕಾಶದಲ್ಲಿ ಏನನ್ನು ಅಳೆಯುತ್ತೀಯಮ್ಮ?

ನನಗೆ ತಿಳಿಯುವ ಹಾಗೆ ಬರಿ. ನಾನು ಟೈಂ ಕೀಪರ್ ಆಗಿದ್ದವನು. ಬಸ್ಸು, ಗಡಿಯಾರ, ರಿಜಿಸ್ಟರು, ಈ ಮೂರರಲ್ಲಿ ಹೇಳಿದರೆ ಏನನ್ನು ಬೇಕಾದರೂ ಹಿಡಿದುಕೊಳ್ಳುತ್ತೇನೆ.

ದೊಡ್ಡವ್ವ ಹುರುಳಿಕಾಳು ಕಟ್ಟಿಟ್ಟಿದ್ದಾಳೆ. ದೆಹಲಿಗೆ ಹೋಗುವವರು ಯಾರಾದರೂ ಸಿಗುತ್ತಾರಾ ಅಂತ ದಾರಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಿದ್ದಾಳೆ.

ನಿನ್ನ ದೊಡ್ಡಪ್ಪ,
ದೊಡ್ಡಸಿದ್ದಯ್ಯ


ದೆಹಲಿ
೩ ಆಗಸ್ಟ್ ೨೦೨೪

ಪ್ರೀತಿಯ ದೊಡ್ಡಪ್ಪನಿಗೆ,

ನಿಮ್ಮ ಕಾಗದ ಓದಿ ಆಫೀಸಿನಲ್ಲೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದವರೆಲ್ಲ ತಿರುಗಿ ನೋಡಿದರು. ಮಂಚಮ್ಮಜ್ಜಿಗೆ ಹೇಳಿ, ನನಗೆ ಸ್ಕೂಟರ್ ಓಡಿಸುವುದಕ್ಕೂ ಸರಿಯಾಗಿ ಬಾರದು.

ನನ್ನ ಕೆಲಸವನ್ನು ನಿಮ್ಮ ಸ್ಟ್ಯಾಂಡಿನಲ್ಲೇ ನಿಂತು ಹೇಳುತ್ತೇನೆ. ಮದ್ದೂರಿನಿಂದ ಮಳವಳ್ಳಿಗೆ ಹತ್ತು ಬಸ್ಸು ಓಡುತ್ತವೆ ಅಂದುಕೊಳ್ಳಿ. ಒಂದೊಂದು ಬಸ್ಸು ಎಷ್ಟು ಡೀಸೆಲ್ ಕುಡಿಯಿತು, ಎಷ್ಟು ಆಳು ಬೇಕಾಯಿತು, ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಒಂದು ಕಡೆ ಬರೆದುಕೊಳ್ಳುತ್ತೇವೆ. ಎಷ್ಟು ಜನರನ್ನು ಎಷ್ಟು ದೂರ ಸಾಗಿಸಿತು ಎಂದು ಇನ್ನೊಂದು ಕಡೆ. ಕಡಿಮೆ ತಿಂದು ಹೆಚ್ಚು ದುಡಿದ ಬಸ್ಸಿಗೆ ‘ಒಂದು’ ಅಂತ ಅಂಕ. ಮಿಕ್ಕವು ಅದಕ್ಕಿಂತ ಎಷ್ಟು ಹಿಂದಿವೆ ಎಂದು ನೋಡಿ ಸೊನ್ನೆ ಪಾಯಿಂಟ್ ಎಂಟು, ಸೊನ್ನೆ ಪಾಯಿಂಟ್ ಏಳು, ಹೀಗೆ. ಬಸ್ಸಿನ ಜಾಗದಲ್ಲಿ ವಿಮಾನ ಕಂಪನಿ ಇಟ್ಟುಬಿಡಿ, ಅಷ್ಟೇ. ಒಂದು ದಾರಿಯಲ್ಲಿ ಎಷ್ಟು ಕಂಪನಿಗಳು ಪೈಪೋಟಿಗೆ ನಿಂತರೆ ಜನರಿಗೆ ಒಳ್ಳೆಯದು ಎಂಬುದನ್ನೂ ನೋಡುತ್ತೇವೆ.

ಈಗ ಒಂದು ಸಣ್ಣ ಊರಿನ ಲೆಕ್ಕ ನನ್ನ ಕೈಯಲ್ಲಿದೆ. ಗುಡ್ಡಗಾಡಿನ ಊರು, ಹೆಸರು ಬರೆಯುವ ಹಾಗಿಲ್ಲ. ಅಲ್ಲಿಂದ ಬೆಳಿಗ್ಗೆ ಎರಡು ಕಂಪನಿಗಳ ವಿಮಾನಗಳು ಪಟ್ಟಣಕ್ಕೆ ಹೋಗುತ್ತವೆ. ‘ಅ’ ಕಂಪನಿ, ‘ಬ’ ಕಂಪನಿ ಎನ್ನೋಣ. ಎರಡೂ ಒಂದೇ ಅಳತೆಯ ವಿಮಾನ. ಅ ದಿನವೂ ಟೈಮಿಗೆ ಹೊರಡುತ್ತದೆ. ಬ ದಿನವೂ ಹನ್ನೆರಡು ನಿಮಿಷ ತಡ. ಅ ಗೆ ಒಂದು ಅಂಕ, ಬ ಗೆ ಸೊನ್ನೆ ಪಾಯಿಂಟ್ ಆರು ಒಂದು. ಆ ದಾರಿಗೆ ಒಂದೇ ಕಂಪನಿ ಸಾಕು ಎನ್ನುವ ಯೋಚನೆ ಮೇಲಿನವರಿಗೆ. ಯಾವುದನ್ನು ಇಟ್ಟುಕೊಳ್ಳಬೇಕು ಎಂದು ನಮ್ಮ ಸಂಸ್ಥೆಯನ್ನು ಕೇಳಿದ್ದಾರೆ. ನವೆಂಬರ್ ೨೫ಕ್ಕೆ ವರದಿ ಕೊಡಬೇಕು. ದೊಡ್ಡಪ್ಪ, ಮೊದಲ ಸಲ ವರದಿಯ ಮೇಲೆ ನನ್ನ ಹೆಸರು ಮೊದಲು ಬರುತ್ತದೆ! ನಮ್ಮ ಮುಖ್ಯಸ್ಥೆ ದೀಪಿಕ ಮೇಡಂ ನನ್ನನ್ನು ನಂಬಿ ಕೊಟ್ಟಿದ್ದಾರೆ. ಲೆಕ್ಕದಲ್ಲೂ ಗೊಂದಲವಿಲ್ಲ. ಬ ಹೋಗಬೇಕು.

ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿ.

ನಿಮ್ಮ ಮಗಳು,
ಅರುಂಧತಿ


ಆತಗೂರು
೨೬ ಆಗಸ್ಟ್ ೨೦೨೪

ಮಗಳೇ,

ನಿನ್ನ ಹೆಸರು ಮೊದಲು ಬರುತ್ತದೆ ಎಂದು ಓದಿದಾಗ ನಿಮ್ಮಪ್ಪ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಬಿಸಿಲು ಅಂದ. ಆಗ ಮೋಡ ಕವಿದಿತ್ತು.

ನಿನ್ನ ಲೆಕ್ಕ ನನಗೆ ಚೆನ್ನಾಗಿ ತಿಳಿಯಿತು. ಅದು ನನ್ನ ರಿಜಿಸ್ಟರೇ, ಸ್ವಲ್ಪ ಓದಿಕೊಂಡಿದೆ ಅಷ್ಟೇ. ಎರಡು ಮೂರು ಮಾತು ಕೇಳಬೇಕು, ಬೇಜಾರು ಮಾಡಿಕೊಳ್ಳಬೇಡ. ಬ ಕಂಪನಿಯ ವಿಮಾನಕ್ಕೆ ಹತ್ತುವವರು ಯಾರು? ಅ ಗೆ ಹತ್ತುವವರು ಯಾರು? ಅವರ ಕೈಯಲ್ಲಿ ಏನಿರುತ್ತದೆ? ಮೆಟ್ಟಿಲ ಹತ್ತಿರ ನಿಂತು ನೀನು ಯಾವತ್ತಾದರೂ ನೋಡಿದ್ದೀಯಾ, ಅಥವಾ ಅಂಕಿಗಳು ಮಾತ್ರ ದೆಹಲಿಗೆ ಬರುತ್ತವಾ?

ಯಾಕೆ ಕೇಳುತ್ತಿದ್ದೇನೆ ಎಂದರೆ... ಇರಲಿ ಬಿಡು.

ಮೊನ್ನೆ ವಾಚಿನ ಬೆಲ್ಟು ಹಾಕಿಸಲು ಮದ್ದೂರಿಗೆ ಹೋಗಿದ್ದೆ. ಮಳವಳ್ಳಿ ರಸ್ತೆಯಲ್ಲಿ ಝುಬೇರನ ಗ್ಯಾರೇಜು ಇದೆಯಲ್ಲ, ಅದರ ಮುಂದೆ ಅವರಪ್ಪ ನಿಜಾಮುದ್ದೀನ್ ಕುರ್ಚಿ ಹಾಕಿಕೊಂಡು ಕೂತಿದ್ದ. ಮಂಡಿ ನೋವು ಅಂತ ಕಾಣುತ್ತದೆ, ಕಾಲು ನೀಡಿಕೊಂಡಿದ್ದ. ನಾನು ರಸ್ತೆ ದಾಟಿ ಆ ಕಡೆಯಿಂದ ಹೋದೆ. ಯಾವಾಗಲೂ ಹಾಗೇ ಹೋಗುವುದು.

ಹುರುಳಿಕಾಳು ಇನ್ನೂ ಇಲ್ಲೇ ಇದೆ.

ದೊಡ್ಡಪ್ಪ


ದೆಹಲಿ
೨೧ ಸೆಪ್ಟೆಂಬರ್ ೨೦೨೪

ದೊಡ್ಡಪ್ಪನಿಗೆ,

ಉತ್ತರ ತಡವಾಯಿತು. ಕೆಲಸ ಬಹಳ.

ಯಾರು ಹತ್ತುತ್ತಾರೆ, ಕೈಯಲ್ಲಿ ಏನಿರುತ್ತದೆ ಎನ್ನುವುದಕ್ಕೆ ನಮ್ಮಲ್ಲಿ ಕಾಲಂ ಇಲ್ಲ. ಇರಬೇಕಾಗಿಯೂ ಇಲ್ಲ. ಎರಡೂ ಒಂದೇ ರನ್‌ವೇ, ಒಂದೇ ಹವಾಮಾನ, ಒಂದೇ ದೂರ. ಒಬ್ಬರು ಟೈಮಿಗೆ ಹೊರಡಬಹುದಾದರೆ ಇನ್ನೊಬ್ಬರೂ ಹೊರಡಬಹುದು. ದೀಪಿಕ ಮೇಡಂ ಕೂಡ ಲೆಕ್ಕ ನೋಡಿ ಒಪ್ಪಿದ್ದಾರೆ.

ಚಿಕ್ಕಂದಿನಲ್ಲಿ ಬಸ್ ಸ್ಟ್ಯಾಂಡಿನ ನಿಮ್ಮ ಗೂಡಿನಲ್ಲಿ ಕೂರಿಸಿಕೊಂಡು ನೀವು ಹೇಳುತ್ತಿದ್ದ ಮಾತು ನೆನಪಿದೆಯಾ? ‘ಗಡಿಯಾರ ನೋಡು, ಮುಖ ನೋಡಬೇಡ.’ ಆ ಮಾತನ್ನು ಹಿಡಿದುಕೊಂಡೇ ನಾನು ಇಲ್ಲಿವರೆಗೆ ಬಂದಿದ್ದೇನೆ. ಈಗ ನೀವೇ ಮುಖ ನೋಡು ಅಂದರೆ ಹೇಗೆ?

ಕೋಪವಲ್ಲ ದೊಡ್ಡಪ್ಪ. ಆಯಾಸ.

ಅರುಂಧತಿ


ಆತಗೂರು
೬ ಅಕ್ಟೋಬರ್ ೨೦೨೪

ಮಗಳು ಅರುಂಧತಿಗೆ,

ಒಂದು ವಾರದಿಂದ ಈ ಕಾಗದ ಬರೆದು ಹರಿಯುತ್ತಿದ್ದೇನೆ. ದೊಡ್ಡವ್ವ, ‘ಅದ್ಯಾರಿಗೆ ಬರೀತಿದ್ದೀಯ, ಕೋಲ್ಟ್‌ಗಾ?’ ಅಂತ ಕೇಳಿದಳು. ಕೋರ್ಟಿಗೆ ಬರೆಯುವುದು ಇದಕ್ಕಿಂತ ಸುಲಭವಿತ್ತು.

ಆ ಮಾತು ನಾನೇ ಹೇಳಿದ್ದು. ಹಾಗೆ ಹೇಳಿಕೊಳ್ಳುತ್ತಿದ್ದದ್ದು ಯಾಕೆ ಎಂದು ಇವತ್ತು ಬರೆಯುತ್ತೇನೆ. ನಿಮ್ಮಪ್ಪನಿಗೂ ಗೊತ್ತಿಲ್ಲ.

ನಾನು ಮೊದಲು ಸ್ಟ್ಯಾಂಡಿನಲ್ಲಿ ಬಸ್ಸಿನ ಟಾಪಿಗೆ ಲೋಡು ಹಾಕುವ ಹಮಾಲಿ. ಟೈಂ ಕೀಪರನ ಕುರ್ಚಿ ಖಾಲಿಯಾದಾಗ, ‘ಸಿದ್ದಯ್ಯನ ಕೂರ್ಸಿ, ಯಾರಿಗೂ ಎದ್ರಲ್ಲ ಅವ್ನು’ ಅಂತ ಬಸ್ ಮಾಲೀಕರ ಸಂಘದಲ್ಲಿ ಹಟ ಹಿಡಿದವನು ನಿಜಾಮುದ್ದೀನ್. ಅವನದು ಒಂದೇ ಬಸ್ಸು, ಓಡಿಸುವವನೂ ಅವನೇ. ನಮ್ಮ ಕೇರಿಯವನು ಆ ಕುರ್ಚಿಯಲ್ಲಿ ಕೂತದ್ದು ಕೆಲವರಿಗೆ ಹಿಡಿಸಲಿಲ್ಲ. ನಾನು ತಪ್ಪು ಮಾಡುವುದನ್ನೇ ಕಾಯುತ್ತಿದ್ದರು.

ನಿಜಾಮುದ್ದೀನನ ಬಸ್ಸು ಮಳವಳ್ಳಿಗೆ ಬೆಳಿಗ್ಗೆ ಏಳು ಹತ್ತಕ್ಕೆ. ತಿಮ್ಮಯ್ಯನ ಬಸ್ಸು ಏಳು ಇಪ್ಪತ್ತಕ್ಕೆ. ಮೈಸೂರು ಕಡೆಯಿಂದ ಬರುವ ಪ್ಯಾಸೆಂಜರ್ ರೈಲಿನವರು ಸ್ಟೇಷನ್ನಿನಿಂದ ನಡೆದು ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಏಳು ಹತ್ತು ಆಗಿರುತ್ತಿತ್ತು. ವೀಳ್ಯದೆಲೆ ಪೆಂಡಿಯವರು, ಪಾತ್ರೆ ಮೂಟೆಯವರು, ಮೈಸೂರಿನ ದೊಡ್ಡಾಸ್ಪತ್ರೆಯಿಂದ ವಾಪಸು ಬರುವ ರೋಗಿಗಳು. ಅವರು ಬೇಗ ನಡೆಯಲಾರರು, ಬೇಗ ಹತ್ತಲಾರರು. ನಿಜಾಮುದ್ದೀನ್ ಸೀಟಿನಿಂದ ಇಳಿದು ಬಂದು ತಾನೇ ಮೂಟೆ ಎತ್ತಿ ಟಾಪಿಗೆ ಹಾಕುತ್ತಿದ್ದ, ಅಜ್ಜಿಯರ ತೋಳು ಹಿಡಿದು ಹತ್ತಿಸುತ್ತಿದ್ದ. ಹೊರಡುವಾಗ ಏಳು ಹದಿನಾಲ್ಕು. ತಿಮ್ಮಯ್ಯನ ಬಸ್ಸಿಗೆ ಹತ್ತುವವರು ಕಾಲೇಜಿನವರು, ಆಫೀಸಿನವರು, ಕೈಯಲ್ಲಿ ಒಂದು ಬ್ಯಾಗು. ಏಳು ಇಪ್ಪತ್ತಕ್ಕೆ ಸರಿಯಾಗಿ ವಿಷಲ್ಲು, ಬಸ್ಸು ಹೊರಗೆ.

ತಿಮ್ಮಯ್ಯ ದಿನಾ ನನ್ನ ಗೂಡಿಗೆ ಬರುತ್ತಿದ್ದ. ‘ಸಿದ್ದಯ್ಯ, ನಾಕ್ ನಿಮಿಸ ನಿಂತ್ಕಂಡು ಅವ್ನು ನನ್ ಜನವ ತಿಂತಾವ್ನೆ. ಬರ್ಕೊತಿದ್ದೀಯೋ ಇಲ್ವೋ?’

‘ಬರ್ಕೊತಾ ಇವ್ನಿ.’

ನಿಜಾಮುದ್ದೀನ್ ಅದನ್ನು ಕೇಳಿ ನಗುತ್ತಿದ್ದ. ‘ಬರ್ಕೊಳ್ಳಲಾ. ಗಂಟೆ ಎಷ್ಟೋ ಅಷ್ಟೇ ಬರ್ಕೊ. ಆದ್ರೆ ಯಾಕೆ ಅಂತ್ಲೂ ಬರಿ. ಆ ಕೊನೇ ಕಾಲಂ ಖಾಲಿ ಅದಲ್ಲ, ಅದ ಯಾತಕ್ಕೆ ಮಡಗವ್ರೆ?’

‘ಆಯ್ತು ಓಗಲಾ, ಬರೀತೀನಿ.’

ಕೊನೆಯ ಕಾಲಂ ಅಂದರೆ ಷರಾ. ಕಾರಣ ಏನಾದರೂ ಇದ್ದರೆ ಬರೆಯುವ ಜಾಗ. ನಾನು ಬರೆಯಲಿಲ್ಲ. ನಲವತ್ತು ದಿನ, ಏಳು ಹದಿನಾಲ್ಕು, ಏಳು ಹದಿನಾಲ್ಕು ಅಂತ ಮುತ್ತಿನ ಹಾಗೆ ಅಂಕಿ ಬರೆದೆ. ಷರಾ ಖಾಲಿ.

ಸಂಘದ ಸಭೆ ಕೂತಿತು. ಅಧ್ಯಕ್ಷರು ನನ್ನ ರಿಜಿಸ್ಟರು ತಿರುವಿ ಹಾಕಿ, ‘ನಲವತ್ತು ದಿನ್ವೂ ತಡ. ಷರಾ ಇಲ್ಲ. ಅಲ್ಲಿಗೆ ಕಾರಣ ಇಲ್ದೆ ತಡ ಮಾಡವ್ನೆ ಅಂತಾಯ್ತು’ ಅಂದರು. ನಿಜಾಮುದ್ದೀನ್ ನನ್ನ ಕಡೆ ನೋಡಿದ. ಈಗ ಬಾಯಿ ಬಿಡುತ್ತಾನೆ, ಈಗ ಬಿಡುತ್ತಾನೆ ಅಂತ ನೋಡಿದ. ನಾನು ಗೋಡೆಯ ಗಡಿಯಾರ ನೋಡಿದೆ.

ಅವನ ಟೈಮು ಹೋಯಿತು. ಹನ್ನೊಂದು ನಲವತ್ತರ ಟೈಮು ಕೊಟ್ಟರು. ಆ ಬಿಸಿಲಲ್ಲಿ ಯಾರು ಹತ್ತುತ್ತಾರೆ? ಒಂದೂವರೆ ವರ್ಷಕ್ಕೆ ಬಸ್ಸು ಮಾರಿ ಸ್ಪಾನರು ಹಿಡಿದ.

ಈಗ ನಿನ್ನ ಲೆಕ್ಕಕ್ಕೆ ಬೇಕಾದ ಮಾತು ಹೇಳುತ್ತೇನೆ, ಗಮನ ಕೊಟ್ಟು ಓದು. ನಿಜಾಮುದ್ದೀನ್ ಹೋದ ಮಾರನೆಯ ವಾರದಿಂದಲೇ ರೈಲಿನ ಜನ ತಿಮ್ಮಯ್ಯನ ಬಸ್ಸಿಗೆ ಬಂದರು. ಏಳು ಇಪ್ಪತ್ತಾರು. ಏಳು ಇಪ್ಪತ್ತೇಳು. ಒಂದು ದಿನ ಏಳು ಮೂವತ್ತು. ಅದೇ ಬಸ್ಸು, ಅದೇ ಡ್ರೈವರು. ಆಗ ನನಗೆ ಬೆಳಕು ಹರಿಯಿತು. ತಿಮ್ಮಯ್ಯ ಟೈಮಿಗೆ ಬಿಡುತ್ತಿದ್ದದ್ದು ಅವನು ಚುರುಕು ಅಂತಲ್ಲ. ತಡವಾಗಿ ಹತ್ತುವವರನ್ನೆಲ್ಲ ನಿಜಾಮುದ್ದೀನ್ ಮೊದಲೇ ಹತ್ತಿಸಿಕೊಂಡು ಹೋಗಿರುತ್ತಿದ್ದ. ಒಬ್ಬನ ತಡದಲ್ಲಿ ಇನ್ನೊಬ್ಬನ ಟೈಮು ಇತ್ತು. ಆಮೇಲೆ ತಿಮ್ಮಯ್ಯ ಅವರನ್ನು ಬಿಟ್ಟೇ ಹೋಗತೊಡಗಿದ. ಎಲೆ ಪೆಂಡಿಯವರು ಒಂಬತ್ತು ಗಂಟೆಯವರೆಗೆ ನೆಲದ ಮೇಲೆ ಕೂತಿರುತ್ತಿದ್ದರು. ಎದುರು ಬಸ್ಸೇ ಇಲ್ಲದ ಮೇಲೆ ಅವನಿಗೆ ಯಾರ ಭಯ?

ಷರಾ ಯಾಕೆ ಬರೆಯಲಿಲ್ಲ ಎಂದು ನೀನು ಕೇಳುತ್ತೀಯ. ನಿಯತ್ತು ಅಂತ ಊರಿಗೆಲ್ಲ ಹೇಳಿಕೊಂಡೆ. ಗಡಿಯಾರ ನೋಡುವವನು ಮುಖ ನೋಡಬಾರದು ಅಂದೆ. ನಿಜ ಅದಲ್ಲ ಕಣಮ್ಮ. ನನಗೆ ಬರೆಯಲು ಬರುತ್ತಿರಲಿಲ್ಲ. ನಾಲ್ಕನೇ ತರಗತಿಗೆ ಬಿಟ್ಟವನು, ಅಂಕಿ ಗೊತ್ತಿತ್ತು, ಬೋರ್ಡು ಓದುತ್ತಿದ್ದೆ. ಒಂದು ವಾಕ್ಯ ಬರೆಯುವಷ್ಟು ಅಕ್ಷರ ಕೈಯಲ್ಲಿರಲಿಲ್ಲ. ತಪ್ಪು ಬರೆದರೆ ನಗುತ್ತಾರೆ, ಕುರ್ಚಿ ಹೋಗುತ್ತದೆ ಅಂತ ಹೆದರಿದೆ. ಯಾರಿಗೂ ಹೆದರದವನು ಅಂತ ನಿಜಾಮುದ್ದೀನ್ ನನ್ನನ್ನು ಅಲ್ಲಿ ಕೂರಿಸಿದ್ದ.

ಐದು ವರ್ಷವಾದ ಮೇಲೆ ನೀನು ಸ್ಲೇಟು ಹಿಡಿದೆ. ನಿನ್ನ ಪಕ್ಕ ಕೂತು ನಾನೂ ತಿದ್ದಿದೆ. ‘ದೊಡ್ಡಪ್ಪ, ಒತ್ತು ಬುಟ್ಟೋಯ್ತು’ ಅಂತ ನನ್ನ ಕೈ ಮೇಲೆ ಬಳಪದಿಂದ ಹೊಡೆಯುತ್ತಿದ್ದೆ. ಆಟಕ್ಕೆ ಕೂತಿದ್ದೇನೆ ಅಂದುಕೊಂಡಿದ್ದೆ ನೀನು.

ನಿನ್ನ ಲೆಕ್ಕ ತಪ್ಪು ಎನ್ನಲು ನಾನು ಯಾರು? ಮೆಟ್ಟಿಲ ಹತ್ತಿರ ಒಂದು ಸಲ ನಿಂತು ಬಾ. ಅಷ್ಟೇ ಕೇಳುವುದು.

ದೊಡ್ಡಪ್ಪ


ಹೆಸರು ಬರೆಯಬಾರದ ಆ ಊರಿನಿಂದ
೯ ನವೆಂಬರ್ ೨೦೨೪

ದೊಡ್ಡಪ್ಪ,

ರಜೆ ಹಾಕಿ ಬಂದಿದ್ದೇನೆ. ಮೇಡಂಗೆ ಹೇಳಿಲ್ಲ. ಮೂರು ದಿನದಿಂದ ಇಲ್ಲಿನ ವಿಮಾನ ನಿಲ್ದಾಣದಲ್ಲಿ ನಿಂತು ನೋಡುತ್ತಿದ್ದೇನೆ. ನಮ್ಮ ಮದ್ದೂರು ಸ್ಟ್ಯಾಂಡಿಗಿಂತ ಚಿಕ್ಕದು.

ಬೆಟ್ಟದ ಮೇಲಿನ ಹಳ್ಳಿಗಳಿಂದ ಪಟ್ಟಣದ ಆಸ್ಪತ್ರೆಗೆ ಹೋಗುವವರು ಬೆಳಿಗ್ಗೆಯೇ ಬರುತ್ತಾರೆ. ಸೊಂಟ ಮುರಿದವರು, ಡಯಾಲಿಸಿಸ್‌ನವರು. ಗಾಲಿಕುರ್ಚಿ ಇಲ್ಲದೆ ಅವರು ಹತ್ತಲಾರರು. ಅ ಕಂಪನಿ ದಿನಕ್ಕೆ ಒಂದೇ ಕುರ್ಚಿ ತೆಗೆದುಕೊಳ್ಳುತ್ತದೆ. ಎರಡನೆಯವರು ಬಂದರೆ, ಆ ಕೌಂಟರಿಗೆ ಹೋಗಿ ಎಂದು ಬ ಕಡೆ ಕೈ ತೋರಿಸುತ್ತಾರೆ. ಇವತ್ತು ಬ ವಿಮಾನಕ್ಕೆ ಏಳು ಕುರ್ಚಿ. ಒಂದೊಂದನ್ನೂ ಇಳಿಜಾರಿನ ಮೇಲೆ ತಳ್ಳಿಕೊಂಡು ಹೋಗಿ, ಬಾಗಿಲಲ್ಲಿ ಎತ್ತಿ, ಸೀಟಿನಲ್ಲಿ ಕೂರಿಸಿ ಬರಬೇಕು. ಕುರ್ಚಿ ತಳ್ಳುವ ಹೆಂಗಸನ್ನು, ‘ನೀವೂ ಒಂದೇ ಅನ್ನಬಹುದಲ್ಲ?’ ಎಂದು ಕೇಳಿದೆ. ‘ಅನ್ನಬಹುದು. ಆಮೇಲೆ ಅವರನ್ನು ಯಾರ ಕಡೆ ಕೈ ತೋರಿಸಲಿ?’ ಅಂದರು.

ಅಷ್ಟರಲ್ಲಿ ಅ ವಿಮಾನ ಸರಿಯಾದ ಟೈಮಿಗೆ ಎದ್ದು ಹೋಯಿತು. ನನ್ನ ಕಣ್ಣಿಗೆ ತಿಮ್ಮಯ್ಯನ ಬಸ್ಸು ಕಂಡಿತು. ಆ ‘ಒಂದು’ ಅಂಕದಲ್ಲಿ ಅರ್ಧ ‘ಬ’ ದುಡಿದದ್ದು.

ಸೋಮವಾರ ಮೇಡಂ ಎದುರು ಕೂರಬೇಕು. ಲೆಕ್ಕ ಮೊದಲಿನಿಂದ ಮಾಡಬೇಕು ಅಂದರೆ ವರದಿ ದಿನ ದಾಟುತ್ತದೆ. ಮೊದಲ ಹೆಸರು ಹೋಗಬಹುದು. ಭಯವಾಗುತ್ತಿದೆ ದೊಡ್ಡಪ್ಪ. ನಾನು ಸುಮ್ಮನೆ ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅದೇ ಹೆಚ್ಚು ಭಯ.

ಒಂದು ಒಪ್ಪಂದ ಮಾಡಿಕೊಳ್ಳೋಣವಾ? ನಾನು ಮೇಡಂ ಎದುರು ಬಾಯಿ ಬಿಡುತ್ತೇನೆ. ನೀವು ರಸ್ತೆ ದಾಟದೆ ಹೋಗಬೇಕು.

ಅರುಂಧತಿ


ದೆಹಲಿ
೧೬ ಡಿಸೆಂಬರ್ ೨೦೨೪

ದೊಡ್ಡಪ್ಪನಿಗೆ,

ಬಾಯಿ ಬಿಟ್ಟೆ.

ನಾನು ಬರೆದುಕೊಂಡು ಬಂದದ್ದನ್ನು ಮೇಡಂ ಕೊನೆಯವರೆಗೂ ಓದಿದರು. ಆಮೇಲೆ, ‘ಇದನ್ನು ಆಗಸ್ಟಿನಲ್ಲಿ ನೋಡಬೇಕಿತ್ತು’ ಅಂದರು. ಅದು ಸರಿ. ಕೈ ನೆರವು ಬೇಕಾದ ಪ್ರಯಾಣಿಕರನ್ನೂ ಲೆಕ್ಕಕ್ಕೆ ಸೇರಿಸಿ ಎಲ್ಲವನ್ನೂ ಮತ್ತೆ ಮಾಡಿದೆ. ಬ ಗೆ ಈಗ ಸೊನ್ನೆ ಪಾಯಿಂಟ್ ಒಂಬತ್ತು ಆರು. ಎರಡೂ ಕಂಪನಿ ಒಂದು ವರ್ಷ ಇರಲಿ, ಅ ಕೂಡ ಬಂದಷ್ಟು ಕುರ್ಚಿ ಹತ್ತಿಸಿಕೊಳ್ಳಲಿ, ಆಮೇಲೆ ಮತ್ತೆ ಅಳೆಯೋಣ ಎಂದು ಬರೆದೆವು. ಮೇಲಿನವರು ಸದ್ಯಕ್ಕೆ ಒಪ್ಪಿದ್ದಾರೆ.

ವರದಿ ಹೋದದ್ದು ಡಿಸೆಂಬರ್ ೧೪ಕ್ಕೆ. ಹತ್ತೊಂಬತ್ತು ದಿನ ತಡ. ನಮ್ಮ ಆಫೀಸಿನಲ್ಲೂ ಒಂದು ಪಟ್ಟಿ ಇದೆ, ಅದರಲ್ಲಿ ನನ್ನ ಹೆಸರಿನ ಮುಂದೆ ‘ತಡ’ ಎಂದು ಬಿದ್ದಿದೆ. ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಆ ಪಟ್ಟಿಯಲ್ಲಿ ಷರಾ ಕಾಲಂ ಇಲ್ಲ, ನೋಡಿದೆ.

ಅವ್ವನಿಗೆ ಇದನ್ನು ಹೇಳಬೇಡಿ. ನಿಮ್ಮ ಸರದಿ ಏನಾಯಿತು?

ಅರುಂಧತಿ


ಆತಗೂರು
೨೯ ಡಿಸೆಂಬರ್ ೨೦೨೪

ಮಗಳು ಅರುಂಧತಿಗೆ,

ನಿನ್ನ ಕಾಗದ ಬಂದದ್ದು ಗುರುವಾರ. ಅದುವರೆಗೂ ನಾನು ಹೋಗಿರಲಿಲ್ಲ, ನಿಜ ಹೇಳುತ್ತೇನೆ. ಓದಿ ಮುಗಿಸಿ ಟ್ರಂಕಿನ ತಳದಿಂದ ಆ ವರ್ಷದ ರಿಜಿಸ್ಟರು ತೆಗೆದೆ. ದೊಡ್ಡವ್ವ, ‘ಆ ಗೆದ್ದಲು ತಿಂದ ಪುಸ್ತಕ ತಗಂಡು ಎಲ್ಲಿಗ್ ಸವಾರಿ?’ ಅಂದಳು. ಕೆಲಸಕ್ಕೆ ಅಂದೆ.

ನಿಜಾಮುದ್ದೀನ್ ಗ್ಯಾರೇಜಿನ ಮುಂದೆಯೇ ಕೂತಿದ್ದ. ನಾನು ಅವನ ಕಡೆಯಿಂದಲೇ ನಡೆದು ಹೋದೆ. ಕಣ್ಣು ಕಿರಿದು ಮಾಡಿ ನೋಡಿದ.

‘ಏನ್ಲಾ ಸಿದ್ದಯ್ಯ, ದಾರಿ ತಪ್ತಾ? ನೀನು ಆ ಕಡೇಲಿ ಓಗೋನಲ್ವಾ?’

‘ನಿನ್ನ ತಾವ ಮಾತಾಡ್ಬೇಕು.’

‘ಮೂವತ್ತು ವರ್ಸ ತಡ. ಬರ್ಕೊಳ್ಳನಾ?’ ಅಂದವನು ಒಳಗೆ ತಿರುಗಿ ಕೂಗಿದ, ‘ಝುಬೇರ್, ಟೈಂ ಕೀಪರ್ ಸಾಹೇಬ್ರು ಬಂದವ್ರೆ, ಕುರ್ಚಿ ತತ್ತಾ. ಟೀನೂ ಯೋಳು.’

ಕೂತೆ. ಎಲ್ಲ ಹೇಳಿದೆ. ನಿನಗೆ ಬರೆದದ್ದನ್ನೆಲ್ಲ, ಅಕ್ಷರದ ವಿಷಯವನ್ನೂ. ಅವನು ಟೀ ಲೋಟ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

‘ಬರಿಯಾಕ್ ಬತ್ತಿರ್ನಿಲ್ವಾ?’

‘ಇಲ್ಲ.’

‘ಥೂ ನಿನ್ನ. ನನ್ ಕೇಳಿದ್ರೆ ನಾನೇ ಬರ್ಕೊಡ್ತಿದ್ನಲ್ಲಾ!’

‘ನಿನ್ ಬಸ್ಸಿಗೆ ನೀನೇ ಷರಾ ಬರ್ಕೊತಿದ್ಯಾ?’

‘ಊಂ ಮತ್ತೆ. ಅಂದವಾಗಿ ಬರ್ಕೊತಿದ್ದೆ.’

ಇಬ್ಬರಿಗೂ ನಗು ಬಂತು. ಝುಬೇರ್ ಸ್ಪಾನರು ಹಿಡಿದುಕೊಂಡೇ ಇಣುಕಿ ನೋಡಿದ. ನಕ್ಕು ಮುಗಿದ ಮೇಲೆ ನಿಜಾಮುದ್ದೀನ್ ಬೇರೆ ದನಿಯಲ್ಲಿ ಹೇಳಿದ, ‘ತಿಮ್ಮಯ್ಯ ನಿನ್ನ ಕೊಂಡ್ಕೊಂಡವ್ನೆ ಅಂತ ತಿಳ್ಕೊಂಡಿದ್ದೆ ಕಣ್ಲಾ. ಬಸ್ ಓಗಿದ್ದಕ್ಕಲ್ಲ. ನೀನು ಮಾರ್ಕೊಂಡೆ ಅಂತ ಸಂಕಟ ಆಗಿತ್ತು. ಇಷ್ಟು ವರ್ಸ.’

ಅವನು ಎಣ್ಣೆಬಟ್ಟೆಗೆ ಕೈ ಒರೆಸಿಕೊಂಡು ರಿಜಿಸ್ಟರು ಎಳೆದುಕೊಂಡ. ಹಾಳೆ ತಿರುವಿದ. ಏಳು ಹದಿನಾಲ್ಕು, ಏಳು ಹದಿನಾಲ್ಕು, ಅವುಗಳ ಪಕ್ಕದ ಖಾಲಿ ಜಾಗದ ಮೇಲೆ ಬೆರಳು ಇಟ್ಟ.

‘ಪೆನ್ ಅದಾ?’

‘ಅದೆ.’

‘ಈಗ ಬರಿಯಾಕ್ ಬತ್ತದಲ್ಲ. ಬರಿ.’

ಬರೆದೆ ಮಗಳೇ. ಆ ನಡುಹಗಲಲ್ಲಿ, ಮಳವಳ್ಳಿ ರಸ್ತೆಯ ಧೂಳಿನಲ್ಲಿ, ಒಂದೊಂದು ದಿನದ ಎದುರಿಗೂ ‘ರೈಲಿನ ಜನ ಹತ್ತುತ್ತಿದ್ದರು’ ಅಂತ ಬರೆದೆ. ಅವನು ಪಕ್ಕದಲ್ಲಿ ಕೂತು ದಿನಾಂಕ ಓದುತ್ತಿದ್ದ. ಹದಿನೇಳನೆಯ ದಿನಕ್ಕೆ ಬಂದಾಗ ನನ್ನ ಕೈ ಹಿಡಿದುಕೊಂಡ.

‘ನಿಲ್ಸು. ಅವತ್ತು ರೈಲೇ ಬಂದಿರ್ನಿಲ್ಲ. ನಾನು ಕ್ಷೌರದ ಅಂಗಡೀಲಿ ಸಿಕ್ಕಾಕೊಂಡಿದ್ದೆ. ಅರ್ಧ ಮಕ ಸೋಪಲ್ಲೇ ಬಂದು ಸ್ಟೇರಿಂಗ್ ಇಡ್ದೆ. ಅದ ಬರಿ.’

‘ಬುಡಲಾ, ಈಗ ಯಾರು ನೋಡ್ತಾರೆ?’

‘ಅವತ್ತು ಯಾರಾದ್ರೂ ನೋಡಿ ನಗ್ತಾರೆ ಅಂತ ಖಾಲಿ ಬುಟ್ಟೆ, ಈಗ ಯಾರೂ ನೋಡಲ್ಲ ಅಂತೀಯಾ? ಬರಿ ಅಂದ್ರೆ ಬರಿ.’

‘ಕ್ಷೌರ’ ಅಂತ ಬರೆದೆ. ಮೂವತ್ತೊಂಬತ್ತು ದಿನ ಜನ, ಒಂದು ದಿನ ಸೋಪು. ಮುಗಿದ ಮೇಲೆ ಮಾಲೀಕರ ಸಹಿ ಅಂತ ಇರುವ ಕಡೆ ಅವನು ಸಹಿ ಹಾಕಿದ. ಮುಂದಿನ ವಾರ ಅವನ ಮಂಡಿಗೆ ಮಂಡ್ಯದಲ್ಲಿ ಡಾಕ್ಟರನ್ನು ನೋಡಬೇಕಂತೆ, ನಾನೂ ಜೊತೆಗೆ ಹೋಗುತ್ತಿದ್ದೇನೆ. ‘ನಿಧಾನಕ್ಕೆ ಹತ್ತುತೀನಿ ಕಣ್ಲಾ, ಮೊದ್ಲೇ ಯೋಳ್ತಿದ್ದೀನಿ’ ಅಂದಿದ್ದಾನೆ.

ನಿನ್ನ ವಿಷಯವನ್ನೂ ಅವನಿಗೆ ಹೇಳಿದೆ. ಕೊನೆಯ ಹಾಳೆಯ ಕೆಳಗೆ ಒಂದು ಗೆರೆ ಖಾಲಿ ಉಳಿದಿತ್ತು, ಅದನ್ನು ಉಗುರಿನಿಂದ ಕುಟ್ಟಿ ತೋರಿಸಿದ. ನಿಮ್ಮ ಆಫೀಸಿನ ಪಟ್ಟಿಯಲ್ಲಿ ಜಾಗ ಇಲ್ಲದಿದ್ದರೆ ಬೇಡ. ಮದ್ದೂರು ಸ್ಟ್ಯಾಂಡಿನ ರಿಜಿಸ್ಟರಿನಲ್ಲಿ ಇದೆ. ಇಲ್ಲಿ ನಕಲು ಮಾಡಿದ್ದೇನೆ. ಒತ್ತು ಎಲ್ಲಾದರೂ ಬಿಟ್ಟುಹೋಗಿದ್ದರೆ ಹೇಳು, ಬಳಪ ತೆಗೆದುಕೊಂಡು ಬಾ.

ಹೊರಟವರು: ಅರುಂಧತಿ ಸಿದ್ದರಾಜು, ಆತಗೂರು.
ಬಿಡಬೇಕಾದ್ದು: ೨೫ ನವೆಂಬರ್.
ಬಿಟ್ಟಿದ್ದು: ೧೪ ಡಿಸೆಂಬರ್.
ತಡ: ೧೯ ದಿನ.
ಷರಾ: ಜನ ಹತ್ತುತ್ತಿದ್ದರು.

ದೊಡ್ಡಸಿದ್ದಯ್ಯ,
ಟೈಂ ಕೀಪರ್